ದೇವರ ಜಗಲಿಯ ಗುಳಿಗೆ

ಖಂಡೇಪೂಜೆಯ, ಎಂದರೆ ಆಯುಧಪೂಜೆಯ ದಿನ ಬೆಳಿಗ್ಗೆ ಹತ್ತು ಗಂಟೆ ಹತ್ತು ನಿಮಿಷಕ್ಕೆ ಗುಡಿಯ ಅರ್ಚಕರು ಲಕ್ಷ್ಮೇಶ್ವರದ ನಮ್ಮ ದವಾಖಾನೆಯ ಮೆಟ್ಟಿಲು ಹತ್ತಿದರು. ವೇಳೆ ಇಷ್ಟು ಖಚಿತವಾಗಿ ನೆನಪಿದೆ, ಏಕೆಂದರೆ ಕಂಪೌಂಡರ್ ಗೋಡೆ ಗಡಿಯಾರಕ್ಕೂ ಚೆಂಡುಹೂವಿನ ಸರ ಹಾಕಿದ್ದ. ಆ ಸರವನ್ನು ಬೆರಳಿನಿಂದ ಸರಿಸಿ ಗಂಟೆ ಎಷ್ಟಾಯಿತೆಂದು ನಾನು ನೋಡುತ್ತಿದ್ದೆ. ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ ಸಿರಿಂಜು, ಇಕ್ಕಳ, ಸ್ಟೆತಾಸ್ಕೋಪು, ರಕ್ತದೊತ್ತಡ ಅಳೆಯುವ ಪೆಟ್ಟಿಗೆ ಎಲ್ಲವನ್ನೂ ಸಾಲಾಗಿ ಇಟ್ಟು ಕುಂಕುಮ ಹಚ್ಚಿದ್ದ. ಊದಿನಕಡ್ಡಿ ಹೊಗೆಯಾಡುತ್ತಿತ್ತು.

“ಇವತ್ತೊಂದಿನ ಇವನ್ನ ಮುಟ್ಟಬ್ಯಾಡ್ರಿ ಬಾಯಾರ,” ಎಂದಿದ್ದ ಕಂಪೌಂಡರ್; ಲೇಡಿ ಡಾಕ್ಟರಾದ ನನ್ನನ್ನು ಊರೆಲ್ಲ ಬಾಯಾರ ಎಂದೇ ಕರೆಯುತ್ತಿತ್ತು. “ವರ್ಷಕ್ಕೊಮ್ಮಿ ಇವಕ್ಕೂ ಸೂಟಿ ಬೇಕಲ್ಲರಿ?”

“ರೋಗಕ್ಕೂ ಸೂಟಿ ಐತೇನು?”

“ಅದಕ್ಕೂ ಹೇಳಿ ಕಳಿಸೇನ್ರಿ. ಬನ್ನಿ ಮುಡಿದ ಮ್ಯಾಲ ಬಾ ಅಂತ.”

ನಾನು ನಗುತ್ತಿರುವಾಗಲೇ ಅರ್ಚಕರು ಒಳಗೆ ಬಂದರು. ಒದ್ದೆ ಮಡಿ, ಬರಿಗಾಲು. ದಾರಿಯಲ್ಲಿ ಯಾರನ್ನೂ ಮುಟ್ಟದೆ ನಡೆಯುವ ಮನುಷ್ಯ, ಬಂದವರೇ ನನ್ನ ಮೇಜನ್ನು ಎರಡೂ ಕೈಯಿಂದ ಹಿಡಿದುಕೊಂಡರು.

“ಬಾಯಾರ, ನಮ್ಮಾಕಿ ಏಳಲೊಲ್ಲಳು. ಉಪವಾಸಕ್ಕ ಸುಸ್ತಾಗ್ಯದ ಅಂತ ನಿನ್ನೆ ಬಿಟ್ವಿ. ಮುಂಜಾನೆಯಿಂದ ಬರೇ ವಾಂತಿ. ಈಗ ಕರೆದ್ರ ಓ ಅನ್ನಲೊಲ್ಲಳು.”

ಪೂಜೆಗೆ ಕುಳಿತಿದ್ದ ಸಾಮಾನನ್ನೆಲ್ಲ ಒಂದೇ ಬಾಚಿಗೆ ಚೀಲಕ್ಕೆ ಹಾಕಿಕೊಂಡೆ. ಕಂಪೌಂಡರ್ ಕಣ್ಣು ಮುಚ್ಚಿ ಯಾವುದೋ ದೇವರ ಕ್ಷಮೆ ಕೇಳಿದ. ಆಮೇಲೆ ಸಿರಿಂಜು ಕುದಿಸುವ ಪಾತ್ರೆಯನ್ನೂ ಕಾಲರಾ ಕಾಲಕ್ಕೆಂದು ಇಟ್ಟಿದ್ದ ಸಲೈನ್ ಬಾಟಲಿಗಳನ್ನೂ ಹೊತ್ತು ನನಗಿಂತ ಮುಂದೆ ಓಡಿದ.

ಅರ್ಚಕರ ಹೆಂಡತಿ ನನಗೆ ಹೊಸಬರಲ್ಲ. ಕಾರಹುಣ್ಣಿಮೆಯ ಆಸುಪಾಸಿನಲ್ಲಿ ಮೊದಲ ಸಲ ಬಂದಾಗ ಆಕೆಯ ಎರಡೂ ಕೈಯ ಬೆರಳ ಗಂಟುಗಳು ಊದಿ, ಕೆಂಪಾಗಿ, ಮುಟ್ಟಿದರೆ ಬಿಸಿ ಹತ್ತುತ್ತಿದ್ದವು. ಬೆಳಿಗ್ಗೆ ಎದ್ದರೆ ಬಿಸಿಲು ಏರುವ ತನಕ ಮುಷ್ಟಿ ಮಡಚಲು ಬಾರದು. ಗುಡಿಗೆ ಹೂವಿನ ಮಾಲೆ ಕಟ್ಟುವುದು, ನೈವೇದ್ಯಕ್ಕೆ ಹೂರಣ ರುಬ್ಬುವುದು ಅವರ ಮನೆಯ ಹೆಂಗಸರ ಕೆಲಸ. ಆ ಕೆಲಸ ನಿಂತು, ಗಂಡನೇ ಮಾಲೆ ಕಟ್ಟುತ್ತಿದ್ದರು. “ಇವರು ಕಟ್ಟಿದ ಮಾಲಿ ದೇವರ ಕೊರಳಾಗ ನಿಂದ್ರೂದಿಲ್ಲ ಬಾಯಾರ, ಪಾದಕ್ಕ ಬೀಳ್ತದ. ಜನ ಪ್ರಸಾದ ಆತು ಅಂತ ಖುಷಿಪಡ್ತಾರ,” ಎಂದು ನೋವಿನಲ್ಲೂ ನಗಿಸಿದ್ದರು.

ಕೆಂಪು, ಬಿಸಿ, ಬಾವು, ನೋವು. ಈ ನಾಲ್ಕೂ ಸೇರಿದರೆ ಉರಿಯೂತ ಎಂದು ಕಾಲೇಜಿನ ಮೊದಲ ಪಾಠಗಳಲ್ಲೇ ಕಲಿಸುತ್ತಾರೆ. ಕಾಲಿಗೆ ಮುಳ್ಳು ಚುಚ್ಚಿದರೆ ಆ ಜಾಗ ಊದಿ ಕೆಂಪಾಗುವುದು ದೇಹ ನಮ್ಮನ್ನು ಕಾಯುವ ರೀತಿ. ಕೀವು ಹೊರಬೀಳುತ್ತದೆ, ಗಾಯ ಮಾಯುತ್ತದೆ, ಉರಿ ತಾನಾಗಿ ಆರುತ್ತದೆ. ಈಕೆಯ ಬೆರಳುಗಳಲ್ಲಿ ಮುಳ್ಳೂ ಇರಲಿಲ್ಲ, ಗಾಯವೂ ಇರಲಿಲ್ಲ. ಆದರೂ ಉರಿ ಹೊತ್ತಿಕೊಂಡು ಆರದೆ ತನ್ನದೇ ಕೀಲನ್ನು ತಿನ್ನುತ್ತಿತ್ತು. ದೇಹ ತನ್ನ ಅಂಗವನ್ನೇ ಪರಕೀಯವೆಂದು ಬಗೆದು ಅದರ ಮೇಲೆ ತಿರುಗಿಬೀಳುತ್ತದೆ ಎಂಬ ಮಾತು ಆಗ ನಮ್ಮ ಪಾಠದಲ್ಲಿ ಗಟ್ಟಿಯಾಗಿ ಇರಲಿಲ್ಲ. ಅದು ಮುಂದೆ ತಿಳಿದದ್ದು. ಆದರೆ ಆ ಉರಿಯನ್ನು ಆರಿಸುವ ಹೊಸ ಗುಳಿಗೆಯೊಂದು ಬಂದಿತ್ತು, ಕಾರ್ಟಿಸೋನ್. ಗದಗಿನ ದೊಡ್ಡ ಡಾಕ್ಟರು ಮುಂಬೈಯಿಂದ ತರಿಸಿದ್ದರು. ಅವರ ದವಾಖಾನೆಯ ಶಾಖೆಯೇ ಲಕ್ಷ್ಮೇಶ್ವರದಲ್ಲಿ ನಾನು ನೋಡಿಕೊಳ್ಳುತ್ತಿದ್ದದ್ದು. ಗುಳಿಗೆ ನುಂಗಿದ ವಾರದೊಳಗೆ ಆಕೆ ಮಾಲೆ ಕಟ್ಟಿದರು. ಶ್ರಾವಣದಲ್ಲಿ ಹೋಳಿಗೆ ಲಟ್ಟಿಸಿದರು. ಓಣಿಯ ಹೆಂಗಸರು ಆ ಕೈ ನೋಡಲೆಂದೇ ಗುಡಿಗೆ ಬರತೊಡಗಿದರು.

ಅಂಥ ಕೈ ಈಗ ಚಾಪೆಯ ಮೇಲೆ ತಣ್ಣಗೆ ಬಿದ್ದಿತ್ತು. ನಾಡಿ ದಾರದ ಎಳೆಯಂತೆ ಓಡುತ್ತಿತ್ತು. ಪಟ್ಟಿ ಕಟ್ಟಿ ಒತ್ತಡ ನೋಡಿದರೆ ಪಾದರಸ ಇಳಿಯುತ್ತ ಇಳಿಯುತ್ತ ಹೋಯಿತು, ನನ್ನ ಕಿವಿಗೆ ಏನೂ ಕೇಳಲಿಲ್ಲ. ಪೆಟ್ಟಿಗೆಯ ಮೇಲಿದ್ದ ಕುಂಕುಮ ನನ್ನ ಅಂಗೈಗೆ ಹತ್ತಿ, ಒಂದು ಕ್ಷಣ ರಕ್ತವೆಂದು ಬೆಚ್ಚಿದೆ. ಎರಡನೆಯ ಸಲ ನೋಡಿದಾಗ ತೀರ ಕೆಳಗೆ ಒಂದು ಸಣ್ಣ ಬಡಿತ ಸಿಕ್ಕಿತು. ಜ್ವರವಿಲ್ಲ. ಬೆರಳುಗಳಲ್ಲಿ ಬಾವಿಲ್ಲ. ತುಟಿ ಮಾತ್ರ ಅಲುಗುತ್ತಿತ್ತು. ಕಿವಿ ಹತ್ತಿರ ಒಯ್ದೆ.

“ಉಪ್ಪಿನಕಾಯಿ…”

ಅರ್ಚಕರಿಗೆ ನಾಚಿಕೆಯಾಯಿತು. “ನವರಾತ್ರ್ಯಾಗ ಉಪ್ಪು ಬಿಟ್ಟಾಳ ಬಾಯಾರ. ಬರೇ ಹಾಲು, ಹಣ್ಣು. ಹಿಂಗ್ಯಾಕ ಬೇಡ್ತಾಳೋ, ಸುಮ್ಮನ ಅಂತಾಳ.”

ಕಂಪೌಂಡರ್ ಸಿರಿಂಜು, ಸೂಜಿಗಳನ್ನು ಅವರ ಒಲೆಯ ಮೇಲೇ ಕುದಿಸಿದ. ಬಾಟಲಿಗೆ ತೂಗುಹಾಕಲು ಜಾಗ ಹುಡುಕಿದಾಗ ತೊಲೆಯಲ್ಲಿ ತೊಟ್ಟಿಲ ಕೊಂಡಿ ಕಂಡಿತು. ಅದಕ್ಕೇ ಕಟ್ಟಿದೆವು. ಮೂರು ಕಡೆ ಚುಚ್ಚಿದ ಮೇಲೆ ಒಂದು ರಕ್ತನಾಳ ಸಿಕ್ಕಿತು. ಗ್ಲೂಕೋಸು ಬೆರೆತ ಉಪ್ಪುನೀರು ಇಳಿಯತೊಡಗಿತು. ಹೊಟ್ಟೆ ಕೆಟ್ಟು ನೀರು ಕಳೆದುಕೊಂಡವರಾದರೆ ಇಷ್ಟಕ್ಕೇ ಚೇತರಿಸಿಕೊಳ್ಳಬೇಕು. ಅರ್ಧ ಬಾಟಲಿ ಇಳಿದರೂ ಒತ್ತಡ ಏರಲಿಲ್ಲ.

ಆಗ ಬಾಗಿಲಲ್ಲಿ ನಿಂತಿದ್ದ ಎದುರುಮನೆಯ ಅಜ್ಜಿ ಸಮಾಧಾನ ಹೇಳಲು ಬಾಯಿ ತೆಗೆದಳು.

“ಏನೂ ಆಗೂದಿಲ್ಲ ಬಾಯಾರ. ದೊಡ್ಡ ಮನಸಿನಾಕಿ. ನಮ್ಮ ಮೊಣಕಾಲಿಗೂ ಆಕಿ ಪ್ರಸಾದ ಕೊಟ್ಟಾಳ.”

“ಏನು ಪ್ರಸಾದ?”

“ಅದರಿ, ನಿಮ್ಮ ಬಿಳಿ ಗುಳಗಿ. ಘಟ ಕೂಡ್ರಿಸಿದ ದಿನ ಓಣಿಗೆಲ್ಲ ಹಂಚಿದ್ಲು.”

ಘಟ ಕೂತದ್ದು ನವರಾತ್ರಿಯ ಮೊದಲ ದಿನ, ಎಂಟು ದಿನದ ಹಿಂದೆ. ನಾನು ಅರ್ಚಕರ ಮುಖ ನೋಡಿದೆ. ಅವರು ಗೂಡಿನಿಂದ ಬಾಟಲಿ ತಂದು ಕೊಟ್ಟರು. ತಳದಲ್ಲಿ ಹತ್ತಿ ಮಾತ್ರ ಇತ್ತು.

ಕಾಲೇಜಿನಲ್ಲಿ ನಮ್ಮ ಪ್ರೊಫೆಸರೊಬ್ಬರು ಪಾಠ ಮುಗಿಸಿ, ಟೊಪ್ಪಿಗೆ ಹಾಕಿಕೊಂಡು, ಬಾಗಿಲಲ್ಲಿ ನಿಂತು ಹೇಳಿದ್ದ ಮಾತು ಆ ಕ್ಷಣಕ್ಕೆ ನೆನಪಾಯಿತು: ಈ ಔಷಧ ಶುರು ಮಾಡುವುದು ಸುಲಭ, ನಿಲ್ಲಿಸುವುದು ಕಷ್ಟ. ಮೂತ್ರಪಿಂಡಗಳ ಮೇಲೆ ಟೊಪ್ಪಿಗೆಯಂತೆ ಕುಳಿತ ಎರಡು ಪುಟ್ಟ ಗ್ರಂಥಿಗಳು ಇದೇ ವಸ್ತುವನ್ನು ದಿನವೂ ದೇಹಕ್ಕೆ ತಯಾರಿಸಿ ಕೊಡುತ್ತವೆ. ತಿಂಗಳುಗಟ್ಟಲೆ ಹೊರಗಿನಿಂದ ಬರುತ್ತಿದ್ದರೆ ಅವು ಕೆಲಸ ಬಿಟ್ಟು ಕೂರುತ್ತವೆ. ಒಮ್ಮೆಲೇ ಗುಳಿಗೆ ನಿಂತರೆ ಒಳಗೂ ಇಲ್ಲ, ಹೊರಗೂ ಇಲ್ಲ. ಅದರ ಮೇಲೆ ಉಪವಾಸ, ಉಪ್ಪಿಲ್ಲದ ಊಟ, ವಾಂತಿ. ಆಕೆ ಉಪ್ಪಿನಕಾಯಿ ಬೇಡಿದ್ದು ಸುಮ್ಮನೆ ಅಲ್ಲ, ದೇಹವೇ ಉಪ್ಪು ಕೇಳುತ್ತಿತ್ತು. ಆಕೆಯನ್ನು ಕೊಲ್ಲುತ್ತಿದ್ದದ್ದು ಕೀಲುರೋಗವಲ್ಲ, ಅದರ ಔಷಧ ಇಲ್ಲದ್ದು.

“ಕಾರ್ಟಿಸೋನ್ ಬೇಕು, ಈಗಲೇ,” ಎಂದೆ.

ಆ ಸೀಮೆಯಲ್ಲಿ ಅದನ್ನು ಇಟ್ಟವರು ಗದಗಿನ ದೊಡ್ಡ ಡಾಕ್ಟರು ಒಬ್ಬರೇ. ಕಂಪೌಂಡರನಿಗೆ ಚೀಟಿ ಬರೆದುಕೊಟ್ಟು ಬಸ್‌ ಸ್ಟ್ಯಾಂಡಿಗೆ ಓಡಿಸಿದೆ. ಹೋದಷ್ಟೇ ಬೇಗ ತಿರುಗಿ ಬಂದ.

“ಬಸ್ಸಿನ ಪೂಜಾ ನಡದೈತ್ರಿ. ಬಾಳಿಕಂಬ ಕಟ್ಟ್ಯಾರ. ಕುಂಬಳಕಾಯಿ ಒಡದ ಮ್ಯಾಲ ಬಿಡ್ತಾರಂತ. ಡ್ರೈವರ್ ಮಡಿಲೆ ಅದಾನ, ಸ್ಟೇರಿಂಗ್ ಮುಟ್ಟಲೊಲ್ಲ.”

“ಜೀವ ಹೋಗತೈತಿ ಅಂತ ಹೇಳು.”

“ಹೇಳಿನ್ರಿ. ಕುಂಬಳಕಾಯಿ ಜಲ್ದಿ ಒಡಸ್ತೀನಿ ಅಂದಾನ.” ಹೇಳಿ ಮತ್ತೆ ಓಡಿದ.

ಬಸ್ಸು ಕಂಪೌಂಡರನನ್ನೂ ಚೀಟಿಯನ್ನೂ ಹೊತ್ತು ಹೊರಟುಹೋದ ಮೇಲೆ ಅರಳೆ ವ್ಯಾಪಾರಿಯೊಬ್ಬರು ತಮ್ಮ ಮೋಟಾರು ಕೊಡಲು ಮುಂದೆ ಬಂದರು. ಹಿಂದಿನ ಸೀಟಿನಲ್ಲಿ ಮಲಗಿಸಿ ಗದಗಿಗೆ ಒಯ್ಯಿರಿ ಎಂದರು. ಓಣಿಯವರೆಲ್ಲ ಹೌದು ಹೌದು ಎಂದರು. ಅರ್ಚಕರು ನನ್ನ ಬಾಯಿ ನೋಡಿದರು. ನನಗೂ ಹಾಗೆ ಮಾಡಿಬಿಡಬೇಕೆಂದು ಎಷ್ಟು ಆಸೆಯಾಗಿತ್ತೆಂದರೆ ಹೇಳತೀರದು. ಗದಗ ಮುಟ್ಟಿಸಿದರೆ ಮುಂದಿನದು ದೊಡ್ಡವರ ಪಾಲು. ಆದರೆ ಅಂದಿನ ಆ ರಸ್ತೆ, ಆ ಕುಲುಕಾಟ, ಸೂಜಿ ನಾಳದಲ್ಲಿ ನಿಲ್ಲುವುದಿಲ್ಲ, ಒತ್ತಡ ಇನ್ನೊಂದಿಷ್ಟು ಇಳಿದರೆ ನಡುದಾರಿಯ ಮಾಗಡಿ ಕೆರೆಯನ್ನೂ ದಾಟಲಿಕ್ಕಿಲ್ಲ. ಇಂದಿಗೂ ಕಣ್ಣು ಮುಚ್ಚಿದರೆ ಆ ಮೋಟಾರಿನ ತೆರೆದ ಬಾಗಿಲು ಕಾಣುತ್ತದೆ. ಹತ್ತಿಸಿದ್ದರೆ ಎಂದು ಮನಸ್ಸು ಮತ್ತೆ ಮತ್ತೆ ಅಲ್ಲಿಗೇ ಹೋಗುತ್ತದೆ.

“ಬೇಡ. ಇಲ್ಲೇ ಇರಲಿ,” ಎಂದೆ. ನಂತರ ಅಜ್ಜಿಯ ಕಡೆ ತಿರುಗಿದೆ. “ಅಜ್ಜಿ, ನೀ ಆ ಗುಳಿಗಿ ನುಂಗಿದಿ?”

“ಅಯ್ಯ, ನವರಾತ್ರ್ಯಾಗ ಇಂಗ್ಲಿಷ್ ಔಷಧ ನುಂಗ್ತಾರೇನವಾ? ಅದರಾಗ ಏನಿರತೈತೋ ಏನೋ. ದೇವರ ಜಗಲಿ ಮ್ಯಾಲ ಇಟ್ಟೇನಿ. ನಾಳಿ ಬನ್ನಿ ಕೊಟ್ಟ ಮ್ಯಾಲ ಓಣಿಯವರೆಲ್ಲ ಕೂಡೇ ತಗೊಳ್ಳೂನು ಅಂತ ಮಾತಾಗೇತಿ.”

ನಾಳೆ. ಒಂದು ದಿನ ತಡವಾಗಿದ್ದರೆ ಅಷ್ಟೂ ಗುಳಿಗೆ ಓಣಿಯ ಮೊಣಕಾಲುಗಳ ಪಾಲಾಗುತ್ತಿತ್ತು. ನಾನು ಅಜ್ಜಿಯ ಕೈ ಹಿಡಿದುಕೊಂಡು ಬೀದಿಗೆ ಇಳಿದೆ. ಬಾಟಲಿ ಹನಿಯುವುದನ್ನು ನೋಡುತ್ತಿರಲು ಅರ್ಚಕರಿಗೆ ಹೇಳಿದೆ.

ಅಂಥ ಬೇಡುವ ಕೆಲಸ ನಾನು ಹಿಂದೆಯೂ ಮಾಡಿಲ್ಲ, ಮುಂದೆಯೂ ಮಾಡಿಲ್ಲ. ಅಜ್ಜಿ ಪ್ರತಿ ಬಾಗಿಲಲ್ಲೂ ಕೂಗುತ್ತಿದ್ದಳು, “ಪ್ರಸಾದ ತಿರುಗಿ ಕೊಡ್ರಬೇ, ಕೊಟ್ಟಾಕಿಗೇ ಬೇಕಾಗೇತಿ!” ಕುಂಕುಮದ ಬಟ್ಟಲಿನಿಂದ ಕೆಂಪು ಗುಳಿಗೆ ಬಂತು, ಭಂಡಾರದ ಚೀಲದಿಂದ ಹಳದಿ ಗುಳಿಗೆ. ಒಬ್ಬಾಕೆ ತುಳಸಿಕಟ್ಟೆಯ ಗೂಡಿನಿಂದ ತೆಗೆದುಕೊಟ್ಟಳು. ಇನ್ನೊಬ್ಬಾಕೆ ಎಮ್ಮೆಗೆ ಕಾಲುಬಾವೆಂದು ಬೂಸದಲ್ಲಿ ಕೊಟ್ಟುಬಿಟ್ಟಿದ್ದಳು. “ಎಮ್ಮಿಗೆ ಆರಾಮಾತೇನು?” ಎಂದು ಅಜ್ಜಿ ಕೇಳಿದಳು. “ಎಲ್ಲಿ ಆರಾಮ, ಒದೆಯೂದು ಜಾಸ್ತಿ ಆಗೇತಿ,” ಎಂಬ ಉತ್ತರ ಬಂತು. ಅಂಥ ಹೊತ್ತಿನಲ್ಲೂ ನಾನು ನಕ್ಕೆ. ನಗುತ್ತಲೇ ಮುಂದಿನ ಬಾಗಿಲಿಗೆ ಓಡಿದೆ.

ಓಣಿಯ ಕೊನೆಯಲ್ಲಿ ಬಳೆ ಮಾರುವ ಸಾಬರ ಮನೆ. ಅವರು ಒಳಗಿನಿಂದ ಬಳೆಯ ಡಬ್ಬಿ ತಂದು, ಹತ್ತಿಯಲ್ಲಿ ಸುತ್ತಿಟ್ಟ ಗುಳಿಗೆಯನ್ನು ಅಂಗೈಮೇಲೆ ಇಟ್ಟರು. “ಅಮ್ಮಾರು ಪ್ರಸಾದ ಅಂತ ಕೊಟ್ರು. ತಿನ್ನಾಕ ಧೈರ್ಯ ಬರಲಿಲ್ಲ, ಒಗಿಯಾಕ ಮನಸ್ಸು ಬರಲಿಲ್ಲರಿ. ಖರೆ ಹೇಳ್ತೀನಿ, ಬಳಿ ಒಡೀಬಾರದಂತ ಹೆಂಗ ಇಡ್ತೀನೋ ಹಂಗ ಇಟ್ಟೇನಿ.”

ತಿರುಗಿ ಬಂದಾಗ ನನ್ನ ಸೆರಗಿನಲ್ಲಿ ಒಂದು ಹಿಡಿಯಷ್ಟು ಬಣ್ಣಬಣ್ಣದ ಗುಳಿಗೆಗಳಿದ್ದವು. ಮೇಲಿನ ಬಣ್ಣ ಕೆರೆದು, ಕಲ್ಲಿನ ಖಲ್ಬತ್ತಿನಲ್ಲಿ ಅರೆದೆ. ಸಮಸ್ಯೆ ಮುಗಿದಿರಲಿಲ್ಲ. ಪ್ರಜ್ಞೆ ಸರಿಯಾಗಿ ಇಲ್ಲದವರ ಬಾಯಿಗೆ ಸುರಿದರೆ ಉಸಿರಿನ ನಾಳಕ್ಕೆ ಹೋಗುತ್ತದೆ. ಮೂಗಿನಿಂದ ಹೊಟ್ಟೆಗೆ ರಬ್ಬರಿನ ಕೊಳವೆ ಇಳಿಸಬೇಕು. ಇಳಿಸಿದೆ. ತುದಿ ಹೊಟ್ಟೆಯಲ್ಲೇ ಇದೆ ಎಂದು ಖಾತ್ರಿ ಮಾಡಿಕೊಂಡು, ಪುಡಿಯನ್ನು ನೀರಿನಲ್ಲಿ ಕದಡಿ ಸಿರಿಂಜಿನಿಂದ ಬಿಟ್ಟೆ. ಬಿಟ್ಟ ಸ್ವಲ್ಪ ಹೊತ್ತಿಗೆ ಆಕೆ ಓಕರಿಸಿ ಅರ್ಧ ಹೊರಗೆ ಹಾಕಿದರು. ಅರ್ಚಕರು ಬಾಯಿಗೆ ಉತ್ತರೀಯ ಒತ್ತಿಕೊಂಡು ಗೋಡೆಗೆ ಮುಖ ಮಾಡಿ ನಿಂತರು.

ಎರಡನೆಯ ಬಾಟಲಿ ಹಚ್ಚಿ, ಕಾದೆ. ಹೊಟ್ಟೆಗೆ ವಿರಾಮ ಕೊಟ್ಟು, ಉಳಿದ ಗುಳಿಗೆಗಳಲ್ಲಿ ಮತ್ತೆ ಅಷ್ಟು ಅರೆದು, ಈ ಸಲ ತೊಟ್ಟು ತೊಟ್ಟಾಗಿ, ಹಾಲು ಕರೆವಷ್ಟು ತಾಳ್ಮೆಯಿಂದ ಬಿಟ್ಟೆ. ಹೊಟ್ಟೆಯಲ್ಲಿ ನಿಂತಿತು. ಒತ್ತಡದ ಪಟ್ಟಿಯನ್ನು ತೋಳಿನಿಂದ ಬಿಚ್ಚಲೇ ಇಲ್ಲ. ಪಾದರಸ ಒಂದೊಂದೇ ಗೆರೆ ಏರುತ್ತ ಹೋಗಿ, ಹೊಸ್ತಿಲಿಗೆ ಸಂಜೆ ಬಿಸಿಲು ಬಂದಾಗ ಆಕೆ ಕಣ್ಣು ತೆರೆದರು. ತಲೆಯ ಮೇಲೆ ತೂಗುವ ಬಾಟಲಿಯನ್ನು ನೋಡಿದರು, ಕೊಂಡಿಯನ್ನು ನೋಡಿದರು.

“ತೊಟ್ಟಲಾ ಯಾರದು?” ಎಂದರು ಕ್ಷೀಣವಾಗಿ.

ಅಜ್ಜಿ ಬಾಗಿಲಿನಿಂದಲೇ, “ನಿಂದೇ ಅವ್ವಾ, ಇವತ್ತ ಹುಟ್ಟೀದಿ!” ಎಂದಳು.

ಕತ್ತಲಾಗುವ ಹೊತ್ತಿಗೆ ಕಂಪೌಂಡರ್ ಹೊಸ ಬಾಟಲಿಯೊಂದಿಗೆ ಬಂದ. ಬಸ್ಸು ಮಾಗಡಿ ಕೆರೆಯ ಹತ್ತಿರ ಟೈರು ಪಂಕ್ಚರಾಗಿ ನಿಂತಿತ್ತಂತೆ. “ಪೂಜಾದಾಗ ಗಾಲಿ ಕೆಳಗ ಲಿಂಬಿಹಣ್ಣ ಇಟ್ಟಿದ್ರು. ಒಂದು ಗಾಲಿಗೆ ಇಡೂದು ಮರ್ತಿದ್ರಂತ್ರಿ, ಅದ ಪಂಕ್ಚರ್,” ಎಂದು ವರದಿ ಒಪ್ಪಿಸಿದ. ಆಕೆ ಕೂತು ಗಂಜಿ ಕುಡಿಯುವುದನ್ನು ಕಂಡ ಮೇಲೆ ಹಿತ್ತಲಿಗೆ ಹೋಗಿ ಮುಖ ತೊಳೆದುಕೊಂಡು ಬಂದ. ಬಹಳ ಹೊತ್ತು ತೊಳೆದುಕೊಂಡ.

ಮರುದಿನ ಬೈಯಲೇಬೇಕೆಂದು ಹೋದೆ. “ಬಿಡಬಾರದು ಅಂತ ನೂರು ಸಲ ಹೇಳಿರಲಿಲ್ಲೇನು?”

“ಬಿಟ್ಟಿಲ್ಲ ಬಾಯಾರ, ಹಂಚೀನಿ,” ಎಂದರು ಆಕೆ ತೀರ ಪ್ರಾಮಾಣಿಕವಾಗಿ. “ಗುಡೀ ಮನೀಗೆ ಛಲೋದು ಬಂದ್ರ ಒಬ್ರೇ ತಿನ್ನೂದಿಲ್ಲ ನಾವು.”

“ನಿಮಗಾದರೂ ಉಳಿಸಿಕೊಳ್ಳಬಾರದಾಗಿತ್ತೆ?”

“ಹಂಚವರು ಕಡೀಗೆ ತಗೋಬೇಕು, ಅದು ಪದ್ಧತಿ. ಕಡೀಗೆ ಉಳೀಲಿಲ್ಲ. ಕೈನೂ ನೋಯ್ತಿರಲಿಲ್ಲ, ಸುಮ್ಮನಾದೆ.”

ಬೈಯಲು ತಂದಿದ್ದ ಮಾತೆಲ್ಲ ಮರೆತುಹೋಯಿತು. ಒಲೆಯ ಮುಂದೆ ಕುಳಿತು ತಿಳಿಸಿ ಹೇಳಿದೆ. ಉರಿ ಒಲೆಯೊಳಗಿದ್ದರೆ ಅಡಿಗೆ, ಹೊರಗೆ ಹರಿದರೆ ಮನೆ ಸುಡುತ್ತದೆ. ನಿಮ್ಮ ಕೀಲುಗಳಲ್ಲಿ ಒಲೆ ದಾಟಿದ ಉರಿ ಇದೆ, ಅದಕ್ಕೆ ನೀರು ಚಿಮುಕಿಸುತ್ತಿದ್ದೇವೆ. ಮನೆಯಲ್ಲೂ ನೀರಿನ ಬಾವಿ ಇತ್ತು, ಹೊರಗಿನ ಕೊಡ ದಿನಾ ಬರುತ್ತದೆಂದು ಬಾವಿ ಸೇದುವವರು ಮಲಗಿಬಿಟ್ಟಿದ್ದಾರೆ. ಅವರನ್ನು ಎಬ್ಬಿಸುವ ತನಕ ಕೊಡ ನಿಲ್ಲಿಸುವಂತಿಲ್ಲ. ಹಾಗೆಂದು ಇಷ್ಟೇ ನೀರು ಸದಾ ಸುರಿದರೆ ಒಲೆಯೂ ಆರುತ್ತದೆ. ಗಾಯ ಮಾಯಲು, ಜ್ವರ ತಡೆಯಲು ಆ ಉರಿಯೂ ಬೇಕು. ಆದ್ದರಿಂದ ಇನ್ನು ಮುಂದೆ ಗುಳಿಗೆಯನ್ನು ಮೆಲ್ಲನೆ ಕಡಿಮೆ ಮಾಡುತ್ತ ಹೋಗೋಣ, ನೋವು ಸ್ವಲ್ಪ ತಿರುಗಿ ಬರುತ್ತದೆ.

ಆಕೆ ಸ್ವಲ್ಪ ಯೋಚಿಸಿದರು. “ಹೋಳಿಗಿ ಲಟ್ಟಿಸಲಿಕ್ಕೆ ಬರ್ತದೋ?”

“ಸಣ್ಣವು.”

“ನಡೀತದ. ಊಟಕ್ಕ ಕೂಡವರೂ ಅಷ್ಟೇ ಸಣ್ಣ ಹೊಟ್ಟಿಯವರಾಗಲಿ.”

ಆಕೆ ಚೇತರಿಸಿಕೊಂಡರೂ ನನ್ನ ನಿದ್ದೆ ಹೋಯಿತು. ಮಲಗಿದರೆ ಆ ಮೋಟಾರಿನ ಬಾಗಿಲು, ಖಾಲಿ ಬಾಟಲಿ, ಕಿವಿಗೆ ಏನೂ ಕೇಳದ ಆ ಹೊತ್ತು. ಗುಳಿಗೆ ನುಂಗಿದರೋ ಇಲ್ಲವೋ ಎಂದು ಬೆಳಕು ಹರಿಯುವ ಮೊದಲೇ ಅವರ ಬಾಗಿಲಲ್ಲಿ ನಿಲ್ಲತೊಡಗಿದೆ. ಅರ್ಚಕರಿಗೆ ಕನಿಕರವಾಗಿ ಒಂದು ಏರ್ಪಾಟು ಮಾಡಿದರು. ನನ್ನ ಕೋಣೆ ಗುಡಿಯ ಹಿಂದೆಯೇ ಇತ್ತು. ಬೆಳಗಿನ ಪೂಜೆಯ ಗಂಟೆ ನಿಂತ ಮೇಲೆ, ಹೆಂಡತಿ ಗುಳಿಗೆ ನುಂಗಿದ್ದನ್ನು ಕಣ್ಣಾರೆ ನೋಡಿ, ಒಂಟಿ ಗಂಟೆ ಹೊಡೆಯುತ್ತಿದ್ದರು. ಅದನ್ನು ಕೇಳಿದೆನೆಂದು ತಿಳಿಸಲು ನಾನು ಕಿಟಕಿ ತೆರೆಯಬೇಕು. ದೇವರಿಗೆ ಒಂದು ಗಂಟೆ ಲಾಭ ಎಂದು ಓಣಿ ನಗುತ್ತಿತ್ತು. ನಾನು ಮಾತ್ರ ನಸುಕಿನಲ್ಲೇ ಎದ್ದು ಕುಳಿತು ಆ ಒಂದು ಪೆಟ್ಟಿಗೆ ಕಾಯುತ್ತಿದ್ದೆ.

ಅಷ್ಟರಲ್ಲಿ ಕನ್ನಡ ನಾಡು ಒಂದಾಗುವ ದಿನ ಬಂತು. ಮುಂಬೈ ರಾಜ್ಯದವರಾಗಿ ಮಲಗಿ ಹೊಸ ರಾಜ್ಯದವರಾಗಿ ಏಳುವುದೆಂದು ಊರು ದೀಪ ಹಚ್ಚಿಕೊಂಡು ಕುಳಿತಿತ್ತು. ಕಂಪೌಂಡರನಿಗೆ ಬೇರೆಯದೇ ಚಿಂತೆ. “ಮೊದಲು ಸಂಸ್ಥಾನ ಹೋತು, ಈಗ ಮುಂಬೈ ಹೊಂಟೈತಿ. ನಮ್ಮ ಗುಳಗಿ ಇನ್ನ ಯಾವ ದಾರಿಲೆ ಬರಬೇಕ್ರಿ?” ಗುಳಿಗೆ ಮೊದಲಿನ ದಾರಿಯಿಂದಲೇ ಬರುತ್ತಿತ್ತು, ಮತ್ತು ಆಕೆಯ ಪಾಲು ಅರ್ಧಕ್ಕೆ ಇಳಿದಿತ್ತು. ಆ ವಾರ ಆಕೆಗೆ ನೆಗಡಿಯಾಗಿ ಜ್ವರ ಬಂತು. ನಾನು ಹೆದರಿ ಓಡಿದೆ. ಜ್ವರಕ್ಕೆಂದು ಗುಳಿಗೆ ಸ್ವಲ್ಪ ಏರಿಸಿ, ನಾಡಿ ಹಿಡಿದೇ ಕುಳಿತೆ. ನಾಡಿ ಬಡಿಯುತ್ತಲೇ ಇತ್ತು, ಗಟ್ಟಿಯಾಗಿ, ತುಸು ಬೇಸರದಿಂದ. ಜ್ವರ ಬಂದಂತೆಯೇ ಹೋಯಿತು. ರಾಜ್ಯ ಒಂದಾಗುವ ಸಂಜೆ ಮೆರವಣಿಗೆಗೆ ಹೋಗುವ ಮುನ್ನ ಸ್ವಲ್ಪ ಬೆನ್ನು ನೆಟ್ಟಗೆ ಮಾಡಿಕೊಳ್ಳೋಣವೆಂದು ಮಲಗಿದೆ.

ಕಣ್ಣು ತೆರೆದಾಗ ಬಾಗಿಲು ಬಡಿಯುವ ಸದ್ದು. ಮರುದಿನದ ಬಿಸಿಲು ಚೆನ್ನಾಗಿ ಏರಿತ್ತು. ಬಾಗಿಲು ತೆಗೆದರೆ ಅರ್ಚಕರು, ಅವರ ಹಿಂದೆ ಕಂಪೌಂಡರ್, ಅಜ್ಜಿ. ಎಲ್ಲರಿಗಿಂತ ಮುಂದೆ ಅರ್ಚಕರ ಹೆಂಡತಿ, ಮುಖ ಬಿಳಿಚಿಕೊಂಡು.

“ಗಂಟಿ ಬಾರಿಸಿದ್ವಿ, ಕಿಡಕಿ ತೆರೀಲಿಲ್ಲ. ಮತ್ತ ಬಾರಿಸಿದ್ವಿ, ತೆರೀಲಿಲ್ಲ. ನನ್ನ ಎದಿ ಹಾರಿತು ಬಾಯಾರ!”

ನಾನು ಏನಾದರೂ ಹೇಳುವ ಮೊದಲೇ ಆಕೆ ನನ್ನ ಮಣಿಕಟ್ಟು ಹಿಡಿದರು. ನಾನು ಮಾಡುವಂತೆಯೇ ಹುಬ್ಬು ಗಂಟಿಕ್ಕಿ, ಮೇಲೆ ನೋಡುತ್ತ, ತುಟಿಯಲ್ಲೇ ಎಣಿಸಿದರು. ಬೆರಳ ಗಂಟುಗಳಲ್ಲಿ ತುಸು ಬಾವು ತಿರುಗಿ ಬಂದಿತ್ತು. ಬಿಸಿ ಇರಲಿಲ್ಲ. ಹಿಡಿತ ಗಟ್ಟಿಯಾಗಿತ್ತು.

“ನಾಡಿ ಛಲೋ ಅದ,” ಎಂದು ಎಲ್ಲರಿಗೂ ಸಾರಿದರು. “ಬರೇ ನಿದ್ದಿ.”

“ಪಟಾಕ್ಷಿ ಹಾರಿಸಿದ್ರು, ಹಲಗಿ ಬಾರಿಸಿದ್ರು,” ಎಂದ ಕಂಪೌಂಡರ್. “ಇಡೀ ಕನ್ನಡ ನಾಡು ಒಂದಾತ್ರಿ ಬಾಯಾರ. ನೀವೊಬ್ಬರ ಇರಲಿಲ್ಲ.”

ನಾನು ಹೋಗಿ ಕಿಟಕಿ ತೆರೆದೆ. ಅದನ್ನು ಕಂಡದ್ದೇ ಅರ್ಚಕರು ಗುಡಿಯ ಕಡೆ ಹೆಜ್ಜೆ ಹಾಕಿದರು. ಸ್ವಲ್ಪ ಹೊತ್ತಿಗೆ ಒಂಟಿ ಗಂಟೆ ಇನ್ನೊಮ್ಮೆ ಕೇಳಿಸಿತು. ಆ ಸಲ ಹೊಡೆದದ್ದು ನನ್ನ ಲೆಕ್ಕಕ್ಕೆ.